ಕುರ್ಚಿಯಿಂದ ಎದ್ದು ತೋರಿಸಿ

ನಾನು ಕ್ಯಾನ್ಸರ್ ವಿಭಾಗದಲ್ಲಿ ಡಯಟಿಷಿಯನ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಲೆಕ್ಕದ ಮೇಲೆ ವಿಪರೀತ ನಂಬಿಕೆ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು. ಕ್ಯಾನ್ಸರ್ ಇರುವವರಿಗೆ ಅಷ್ಟು ಸಾಲದು. 1 ಗ್ರಾಂಗಿಂತ ಜಾಸ್ತಿ ಬೇಕು, ಆಗುವುದಾದರೆ 1.5 ಗ್ರಾಂವರೆಗೆ ಕೊಡಿ ಅನ್ನುತ್ತದೆ ಎಸ್ಪೆನ್ ಎಂಬ ಯುರೋಪಿನ ಪೋಷಣೆ ತಜ್ಞರ ಸಂಸ್ಥೆಯ ಮಾರ್ಗಸೂಚಿ. 60 ಕೆಜಿ ಇರುವವರಿಗೆ 60ರಿಂದ 90 ಗ್ರಾಂ. ಗುಣಿಸಿದೆ, ಚಾರ್ಟ್ ಬರೆದೆ, ಮುಂದಿನವರು ಬನ್ನಿ.

ಒಬ್ಬ ಹಿರಿಯ ಹೆಂಗಸು ಮಗಳ ಜೊತೆ ಬರುತ್ತಿದ್ದರು. ಒಂದು ಸಲ ನೋಡಿದರೆ ತೂಕ 2 ಕೆಜಿ ಏರಿತ್ತು. ಫೈಲಿನಲ್ಲಿ ಖುಷಿಯಿಂದ ‘ಸುಧಾರಿಸಿದ್ದಾರೆ’ ಎಂದು ಬರೆದೆ. ಹೊರಡುವಾಗ ಮಗಳು ಎರಡೂ ಕಂಕುಳಿಗೆ ಕೈ ಕೊಟ್ಟು ಅಮ್ಮನನ್ನು ಎಬ್ಬಿಸಿದಳು. "ಟಾಯ್ಲೆಟ್‌ನಲ್ಲಿ ಕೂತರೂ ಹೀಗೇ ಎಬ್ಬಿಸಬೇಕು ಮೇಡಂ" ಅಂದಳು. ಆಗ ಅವರ ಕಾಲು ನೋಡಿದೆ. ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತಿತ್ತು. ಏರಿದ ತೂಕವೆಲ್ಲ ನೀರು! ತೊಡೆ ಮಾತ್ರ ಸಣ್ಣಗಾಗಿತ್ತು. ಚಾರ್ಟ್ ಬಗ್ಗೆ ಕೇಳಿದ್ದಕ್ಕೆ ಆ ತಾಯಿ ಸಮಾಧಾನವಾಗಿಯೇ ಹೇಳಿದರು: "ಚಾರ್ಟ್ ಚೆನ್ನಾಗಿದೆ ಕಣಮ್ಮ. ತಿನ್ನೋಕೆ ಆಗಲ್ಲ, ಅಷ್ಟೆ."

ಅವತ್ತಿನಿಂದ ತೂಕದ ಜೊತೆ ಇನ್ನೆರಡು ಅಳತೆ ಶುರು ಮಾಡಿದೆ. ಒಂದು, ಕೈ ಹಿಡಿತದ ಬಲ. ಇದಕ್ಕೆ ಡೈನಮೋಮೀಟರ್ ಎಂಬ ಸಣ್ಣ ಉಪಕರಣ ಇದೆ. ಕೂತು, ಮೊಣಕೈ ಮಡಚಿ, ಶಕ್ತಿ ಇದ್ದಷ್ಟು ಅದುಮಬೇಕು. ಮೂರು ಸಲ ಮಾಡಿಸಿ ಹೆಚ್ಚು ಬಂದಿದ್ದನ್ನು ಬರೆದುಕೊಳ್ಳುತ್ತೇನೆ. ಇನ್ನೊಂದಕ್ಕೆ ಕುರ್ಚಿ ಮತ್ತು ಗಡಿಯಾರ ಸಾಕು. ಎದೆಯ ಮೇಲೆ ಕೈಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. 2019ರ ಯುರೋಪಿಯನ್ ತಜ್ಞರ ಒಪ್ಪಂದದ ಪ್ರಕಾರ ಹಿಡಿತ ಗಂಡಸರಲ್ಲಿ 27 ಕೆಜಿ, ಹೆಂಗಸರಲ್ಲಿ 16 ಕೆಜಿಗಿಂತ ಕಡಿಮೆಯಾದರೆ, ಅಥವಾ ಐದು ಸಲ ಏಳಲು 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ, ಬಲ ಕುಂದಿದೆ ಎಂದರ್ಥ. ಅದೇ ವರ್ಷದ ಏಷ್ಯಾದ ತಜ್ಞರ ಗಡಿ ಇನ್ನೂ ಬಿಗಿ: 28, 18 ಮತ್ತು 12 ಸೆಕೆಂಡ್. ನನಗೆ ಈ ಗಡಿಗಳಿಗಿಂತ ಅದೇ ಮನುಷ್ಯ ಹೋದ ತಿಂಗಳು ಎಷ್ಟು ಮಾಡಿದ್ದರು ಅನ್ನುವುದೇ ಮುಖ್ಯ. ದಪ್ಪ ಇರುವವರಲ್ಲಂತೂ ಇದನ್ನು ಬಿಡಲೇಬಾರದು. ಕೊಬ್ಬಿನ ಮರೆಯಲ್ಲಿ ಮಾಂಸಖಂಡ ಕರಗುತ್ತಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೇ ಕೆಲಸ, ತಟ್ಟೆಯನ್ನೇ ನೋಡಲು ಕಲಿತೆ. ಮನೆಯವರು ಪ್ರೀತಿಯಿಂದ ತರುವುದು ತಿಳಿ ಸೂಪು, ಹಣ್ಣಿನ ರಸ, ಬೇಳೆ ಬೇಯಿಸಿದ ನೀರು. "ಎಲ್ಲಾ ಸತ್ವ ಅದರಲ್ಲೇ ಇಳಿದಿರುತ್ತೆ ಅಲ್ವಾ?" ಎಂದು ಕೇಳುತ್ತಾರೆ. ಇಳಿದಿರುವುದಿಲ್ಲ. ಪ್ರೋಟೀನ್ ಇರುವುದು ತಳದಲ್ಲಿ ಉಳಿದ ಬೇಳೆಯಲ್ಲಿ. 100 ಗ್ರಾಂ ಬೆಂದ ಬೇಳೆಯಲ್ಲಿ ಸುಮಾರು 8–9 ಗ್ರಾಂ ಇರುತ್ತದೆ, ಆ ನೀರಿನಲ್ಲಿ ಹೆಸರಿಗಷ್ಟೆ. ಮೊದಲೇ ಹೊಟ್ಟೆ ಬೇಗ ತುಂಬುವ ಜನ. ಇರುವ ಸ್ವಲ್ಪ ಜಾಗಕ್ಕೂ ನೀರು ಸುರಿದರೆ ಆಮೇಲೆ ಮೊಟ್ಟೆ ಎಲ್ಲಿ ಹಿಡಿಸೀತು?

ನಾನು ಮಾತಾಡಿಸಿದವರಲ್ಲಿ ಬಹಳ ಜನಕ್ಕೆ ಬೆಳಿಗ್ಗೆ ಚೂರು ಹಸಿವಿರುತ್ತದೆ, ಸಂಜೆಗೆ ಅದೂ ಹೋಗಿರುತ್ತದೆ. ನನ್ನ ಚಾರ್ಟ್‌ನಲ್ಲೋ ಗಟ್ಟಿ ಊಟ ರಾತ್ರಿಗೆ! ಅದನ್ನು ಬೆಳಿಗ್ಗೆಗೆ ತಂದೆ. ಎರಡು ಚೆನ್ನಾಗಿ ಬೆಂದ ಮೊಟ್ಟೆ ಅಂದರೆ ಸುಮಾರು 12 ಗ್ರಾಂ. ಒಂದು ಲೋಟ ಹಾಲಿಗೆ ಎರಡು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ ಕಲಸಿದರೆ ಹತ್ತಿರ ಹತ್ತಿರ ಇನ್ನೊಂದು 12. ದಿನದ ಕಾಲು ಭಾಗಕ್ಕಿಂತ ಜಾಸ್ತಿ ಅಲ್ಲಿಗೇ ಬಂತು. ಒಂದೇ ಹೊತ್ತಿಗೆ 20–30 ಗ್ರಾಂ ಸಿಗುವ ಹಾಗೆ ಮಾಡುವುದಕ್ಕೂ ಕಾರಣ ಇದೆ. ವಯಸ್ಸಾದವರಲ್ಲಿ, ಕಾಯಿಲೆ ಇದ್ದವರಲ್ಲಿ ಮಾಂಸಖಂಡದ ಕಿವಿ ಮಂದವಾಗಿರುತ್ತದೆ. ಚೂರುಪಾರು ಪ್ರೋಟೀನ್ ಬಂದು ಕರೆದರೆ ಅದು ಓಗೊಡುವುದಿಲ್ಲ. ಆದರೆ ಒಂದೇ ಸಲಕ್ಕೆ ಅಷ್ಟು ಹೋಗದವರಿಗೆ ಇದನ್ನು ಹಟ ಹಿಡಿದು ಹೇರಬಾರದು. ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಹೋದರೂ ಲಾಭವೇ.

ಇನ್ನು ಪ್ರೋಟೀನ್ ಪುಡಿಯನ್ನು ಕೊಡುತ್ತಾ ಉಳಿದ ಊಟ ಬಿಟ್ಟವರನ್ನೂ ನೋಡಿದ್ದೇನೆ. ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 25ರಿಂದ 30 ಕಿಲೋ ಕ್ಯಾಲೊರಿ ಸಿಗದಿದ್ದರೆ ದೇಹ ಆ ಪ್ರೋಟೀನನ್ನೇ ಉರಿಸಿಕೊಳ್ಳುತ್ತದೆ. ಸೌದೆ ಇಲ್ಲ ಎಂದು ಮನೆಯ ತೊಲೆ ಮುರಿದು ಒಲೆಗೆ ಹಾಕಿದ ಹಾಗೆ. ಎಣ್ಣೆ, ಬೆಣ್ಣೆ ಧಾರಾಳವಾಗಿ ಹಾಕಿ ಅನ್ನುತ್ತೇನೆ. ಅಚ್ಚರಿಪಡುತ್ತಾರೆ.

"ಹಸಿವಿಲ್ಲ" ಅಂದರೆ ಅಲ್ಲಿಗೇ ಬಿಡುವುದನ್ನೂ ನಿಲ್ಲಿಸಿದೆ. ಕೀಮೋ ಆದ ಮೇಲೆ ಬಾಯೆಲ್ಲ ಕಬ್ಬಿಣ ಕಚ್ಚಿದ ಹಾಗೆ ಅನ್ನಿಸುತ್ತಿದ್ದರೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚ ಕೊಡಿಸುತ್ತೇನೆ. ಬಿಸಿ ಅಡುಗೆಯ ವಾಸನೆಗೇ ವಾಕರಿಕೆ ಬಂದರೆ ತಣ್ಣಗಿನ ಮೊಸರು. ಬಾಯಿ ಹುಣ್ಣಾಗಿದ್ದರೆ ಮೆತ್ತಗಿನ ಊಟ. ಸಂಕೋಚ ಬಿಟ್ಟು ಮಲವಿಸರ್ಜನೆ ಬಗ್ಗೆ ಕೇಳುತ್ತೇನೆ, ಯಾಕೆಂದರೆ ಮಾರ್ಫಿನ್‌ನಂಥ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಮಲಬದ್ಧತೆ ತೀರಾ ಸಾಮಾನ್ಯ. ನಾಲ್ಕು ದಿನದಿಂದ ಹೊಟ್ಟೆ ಕಟ್ಟಿರುವವರ ಮುಂದೆ ಮೊಟ್ಟೆ ಇಟ್ಟು ಏನು ಪ್ರಯೋಜನ? ಅವರಿಗೆ ಮೊದಲು ಬೇಕಾಗಿರುವುದು ಡಾಕ್ಟರು, ನಾನಲ್ಲ.

ಮೂರನೇ ಪಾಠ ಕಲಿಸಿದ್ದು ಫಿಸಿಯೋ ಕೋಣೆ. ಮಲಗಿಕೊಂಡೇ ಇದ್ದರೆ ಎಷ್ಟು ತಿಂದರೂ ಕಾಲಿಗೆ ಬಲ ಬರುವುದಿಲ್ಲ. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿರಿಸಿ ನೋಡಿದ ಅಧ್ಯಯನವೊಂದರಲ್ಲಿ, ಕಾಲುಗಳಲ್ಲೇ ಸುಮಾರು 1 ಕೆಜಿಯಷ್ಟು ಕೊಬ್ಬೇತರ ತೂಕ ಕರಗಿತ್ತು. ಕಾಯಿಲೆಯವರ ಪಾಡು ಕೇಳಬೇಕೇ? ಈಗ ನನ್ನ ಚಾರ್ಟ್‌ನಲ್ಲಿ ಊಟದ ಸಾಲಿನ ಪಕ್ಕವೇ ‘ಕುರ್ಚಿಯಿಂದ 5 ಸಲ’ ಎಂದು ಬರೆದಿರುತ್ತೇನೆ. ಮೂಳೆಗೆ ಹರಡಿದ್ದರೆ, ಪ್ಲೇಟ್‌ಲೆಟ್ ಬಹಳ ಕಡಿಮೆ ಇದ್ದರೆ ಡಾಕ್ಟರನ್ನು ಕೇಳದೆ ಬರೆಯುವುದಿಲ್ಲ.

ಈ ಕುರ್ಚಿ ನನ್ನನ್ನು ಒಂದು ತಪ್ಪಿನಿಂದಲೂ ಕಾಪಾಡಿದೆ. ಒಬ್ಬರು ದಿನಕ್ಕೆ 80 ಗ್ರಾಂ ಪ್ರೋಟೀನ್ ನಿಜವಾಗಿಯೂ ತಿನ್ನುತ್ತಿದ್ದರು. ಹಿಡಿತ ಚೆನ್ನಾಗಿಯೇ ಇತ್ತು. ಕುರ್ಚಿಯಿಂದ ಏಳುವುದು ಮಾತ್ರ ವಾರದಿಂದ ವಾರಕ್ಕೆ ನಿಧಾನ. ಪ್ರೋಟೀನ್ ಇನ್ನೂ ಏರಿಸೋಣ ಎಂದು ಪೆನ್ನು ಎತ್ತಿದ್ದೆ. ಔಷಧಿ ಪಟ್ಟಿ ನೋಡಿದರೆ ಎಷ್ಟೋ ವಾರದಿಂದ ಡೆಕ್ಸಾಮೆಥಾಸೋನ್. ಸ್ಟೀರಾಯ್ಡ್ ಜಾಸ್ತಿ ದಿನ ನಡೆದರೆ ತೊಡೆ, ಸೊಂಟದ ಸ್ನಾಯುಗಳೇ ಮೊದಲು ಸೋಲುತ್ತವೆ. ಡಾಕ್ಟರಿಗೆ ತಿಳಿಸಿದೆ, ಅವರು ಡೋಸ್ ನಿಧಾನವಾಗಿ ಇಳಿಸುತ್ತಾ ಬಂದರು. (ರೋಗಿ ತಾವಾಗಿಯೇ ನಿಲ್ಲಿಸಬಾರದ ಔಷಧಿ ಅದು.) ನಾನು ಊಟದಲ್ಲಿ ಒಂದಕ್ಷರವೂ ಬದಲಾಯಿಸಲಿಲ್ಲ.

ಎಚ್ಚರಿಕೆಗಳೂ ಇವೆ. ಕಿಡ್ನಿ ಸರಿಯಿಲ್ಲದವರಿಗೆ ಈ ಲೆಕ್ಕ ನಡೆಯುವುದಿಲ್ಲ. ಐದಾರು ದಿನದಿಂದ ಏನೂ ತಿನ್ನದವರಿಗೆ ಒಮ್ಮೆಲೇ ಪೂರ್ತಿ ಊಟ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಜೀವಕ್ಕೇ ಅಪಾಯ, ಅವರಿಗೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಕ್ಯಾಕೆಕ್ಸಿಯಾ ಬಂದಿದ್ದರೆ, ಅಂದರೆ ಆರು ತಿಂಗಳಲ್ಲಿ 5 ಶೇಕಡಾಕ್ಕಿಂತ ಜಾಸ್ತಿ ತೂಕ ತಾನಾಗಿ ಇಳಿದಿದ್ದರೆ, ಬರೀ ಊಟದಿಂದ ಅದನ್ನು ಪೂರ್ತಿ ಹಿಂದಿರುಗಿಸಲು ಆಗುವುದಿಲ್ಲ. ಹಾಗಾಗಿ ‘ತೂಕ ಬರುತ್ತೆ’ ಎಂದು ಮಾತು ಕೊಡುವುದನ್ನು ಬಿಟ್ಟಿದ್ದೇನೆ. ಕೊನೆಯ ದಿನಗಳಲ್ಲಿರುವವರ ಮನೆಯವರಿಗೆ "ಒತ್ತಾಯ ಮಾಡಬೇಡಿ, ಕೇಳಿದ್ದು ಕೊಡಿ" ಎಂದು ಹೇಳುವುದೂ ನನ್ನ ಕೆಲಸವೇ.

ಪ್ರೋಟೀನ್ ತಿಂದರೆ ಗಡ್ಡೆ ಬೆಳೆಯುತ್ತದೆ ಎಂದು ಹೆದರಿ ಉಪವಾಸ ಇಡುವವರು ಈಗಲೂ ಬರುತ್ತಾರೆ. ಊಟ ಕೊಟ್ಟಿದ್ದಕ್ಕೆ ಗಡ್ಡೆ ಬೆಳೆಯಿತು ಅನ್ನುವುದಕ್ಕೆ ರೋಗಿಗಳಲ್ಲಿ ಪುರಾವೆ ಇಲ್ಲ. ಊಟ ನಿಲ್ಲಿಸಿದರೆ ಸೊರಗುವುದು ಮಾತ್ರ ಮನುಷ್ಯನೇ.

ಆ ತಾಯಿಗೆ ಮೊದಲ ದಿನ ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿದ್ದೆವು. ಆಮೇಲೆ ಒಂದು ದಿಂಬು. ಮೂರನೇ ತಿಂಗಳಿಗೆ ಊತ ಇಳಿದು ತೂಕ ಮೊದಲಿಗಿಂತ ಕಡಿಮೆಯೇ ಇತ್ತು. ದಿಂಬಿಲ್ಲದ ಕುರ್ಚಿಯಿಂದ ಕೈ ಊರದೆ ಎರಡು ಸಲ ಎದ್ದರು. ಮೂರನೇ ಸಲಕ್ಕೆ ಮಗಳ ಕಡೆ ನೋಡಿದರು. ಮಗಳು ಕೈಕಟ್ಟಿಕೊಂಡು ಸುಮ್ನೆ ನಿಂತಿದ್ದಳು.