ದಿನಸಿ ಬೆಲೆ ಏರಿದಾಗ ಅಡುಗೆಮನೆ ತೂಗಿಸುವುದು ಹೇಗೆ?

ಚೀಲ ಅದೇ, ಪಟ್ಟಿ ಅದೇ. ಬಿಲ್ ಮಾತ್ರ ಹೋದ ಸಲಕ್ಕಿಂತ ಜಾಸ್ತಿ. ಬೆಲೆ ಏರಿಕೆ ತಗ್ಗಿದೆ ಎಂಬ ಸುದ್ದಿ ಓದಿದ ದಿನವೂ ಇದೇ ಕತೆ. ಏರಿಕೆ ತಗ್ಗಿದೆ ಎಂದರೆ ಏರುವ ವೇಗ ಕಡಿಮೆಯಾಗಿದೆ ಎಂದಷ್ಟೇ ಅರ್ಥ. ಏರಿದ ಬೆಲೆ ಏರಿದಲ್ಲೇ ನಿಂತಿರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಧಾನ್ಯ, ಅಡುಗೆ ಎಣ್ಣೆ, ಹಾಲಿನ ಪದಾರ್ಥ, ಮಾಂಸ, ಸಕ್ಕರೆ ಈ ಐದರ ಜಾಗತಿಕ ಬೆಲೆಯನ್ನು ಪ್ರತಿ ತಿಂಗಳೂ ಲೆಕ್ಕ ಹಾಕುತ್ತದೆ. ಯುಕ್ರೇನ್ ಯುದ್ಧ ಶುರುವಾದ ಮರು ತಿಂಗಳು, ಅಂದರೆ 2022ರ ಮಾರ್ಚ್‌ನಲ್ಲಿ, ಆ ಸೂಚ್ಯಂಕ ಅಲ್ಲಿಯವರೆಗಿನ ದಾಖಲೆ ಮುಟ್ಟಿತ್ತು.

ಇದರ ಪೆಟ್ಟು ಎಲ್ಲ ಮನೆಗೂ ಒಂದೇ ತರ ಬೀಳುವುದಿಲ್ಲ. ಆದಾಯ ಕಡಿಮೆ ಇದ್ದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ದೊಡ್ಡದು ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಎರ್ನ್‌ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು. ಹಾಗಾಗಿ ‘ಸ್ವಲ್ಪ ಕಡಿಮೆ ತಿನ್ನಿ’ ಎಂಬ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ತಟ್ಟೆಗೆ ಕೈ ಹಾಕುವುದು ಬೇಡ. ತಟ್ಟೆಗೆ ಬರುವ ಮೊದಲೇ ಸೋರಿ ಹೋಗುವುದನ್ನು ತಡೆಯೋಣ.

ಮೊದಲು ಕಸದ ಬುಟ್ಟಿ ನೋಡಿ

ಒಂದು ವಾರ ಒಂದು ಚೀಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ. ತಿನ್ನುವ ಪದಾರ್ಥ ಏನೇ ಬುಟ್ಟಿಗೆ ಹೋದರೂ ಅದರಲ್ಲಿ ಬರೆಯಿರಿ. ಅರ್ಧ ಕಟ್ಟು ಸೊಪ್ಪು, ಎರಡು ಮೆತ್ತಗಾದ ಟೊಮೆಟೊ, ನಿನ್ನೆಯ ಒಂದು ಬಟ್ಟಲು ಅನ್ನ. ಯಾರನ್ನೂ ಬೈಯಬೇಡಿ, ಸುಮ್ನೆ ಬರೆಯಿರಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ 60ರಷ್ಟು ಹೋಟೆಲ್, ಅಂಗಡಿಗಳಿಂದ ಬಂದದ್ದಲ್ಲ, ಮನೆಗಳಿಂದ ಬಂದದ್ದು. ತಲೆಗೆ ವರ್ಷಕ್ಕೆ 79 ಕಿಲೋ. ಇದರಲ್ಲಿ ಸಿಪ್ಪೆ, ಮೂಳೆಯೂ ಸೇರಿದೆ ನಿಜ. ಆದರೂ ನಾಲ್ಕು ಜನರ ಮನೆಗೆ ಮುನ್ನೂರು ಕಿಲೋ ದಾಟುತ್ತದೆ ಅಲ್ವಾ?

ವಾರದ ಕೊನೆಗೆ ಚೀಟಿ ಓದಿದರೆ ಒಂದೆರಡು ಹೆಸರು ಮತ್ತೆ ಮತ್ತೆ ಕಾಣುತ್ತವೆ. ನಮ್ಮ ಮನೆಯಲ್ಲಿ ಅದು ಸೊಪ್ಪು ಮತ್ತು ಬ್ರೆಡ್. ಮುಂದಿನ ಸಲ ಅವೆರಡನ್ನು ಅರ್ಧ ಕೊಳ್ಳುವುದು. ಮೊದಲ ಉಳಿತಾಯ ಇಷ್ಟು ಸುಲಭ.

ಇರುವುದರಿಂದ ಅಡುಗೆ ಶುರು ಮಾಡಿ

‘ಇವತ್ತು ಏನು ಮಾಡೋಣ’ ಎಂದು ಕೇಳಿದರೆ ಕಾಲು ಅಂಗಡಿಯ ಕಡೆ ಹೋಗುತ್ತದೆ. ‘ಏನಿದೆ’ ಎಂದು ಕೇಳಿ. ಬೇಗ ಬಾಡುವುದಕ್ಕೆ ಮೊದಲ ಸರದಿ. ಸೊಪ್ಪು, ಸೌತೆಕಾಯಿ, ಅಣಬೆ ಮೊದಲೆರಡು ದಿನ. ಬೀನ್ಸ್, ಹೂಕೋಸು ವಾರದ ನಡುವೆ. ಎಲೆಕೋಸು, ಕ್ಯಾರೆಟ್, ಕುಂಬಳ, ಆಲೂಗಡ್ಡೆ ಕಾಯಬಲ್ಲವು, ಅವು ಕೊನೆಗೆ.

ಇಡುವ ರೀತಿಯೂ ಮುಖ್ಯ. ಸೊಪ್ಪನ್ನು ಒಣಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಬಾಳೆಹಣ್ಣು, ಸೇಬು, ಟೊಮೆಟೊ ಹಣ್ಣಾಗುವಾಗ ಎಥಿಲೀನ್ ಅನಿಲ ಬಿಡುತ್ತವೆ. ಪಕ್ಕದಲ್ಲಿ ಸೊಪ್ಪು ಇಟ್ಟರೆ ಅದು ಬೇಗ ಹಳದಿಯಾಗುತ್ತದೆ. ಆಲೂಗಡ್ಡೆ, ಈರುಳ್ಳಿ ಒಂದೇ ಬುಟ್ಟಿಯಲ್ಲಿ ಬೇಡ. ಎರಡಕ್ಕೂ ಗಾಳಿಯಾಡುವ ಕತ್ತಲೆ ಜಾಗ ಬೇಕು, ಬೇರೆ ಬೇರೆಯಾಗಿ. ಹಸಿರಾಗಿ ಕಹಿಯಾದ ಆಲೂಗಡ್ಡೆಯನ್ನು ಮಾತ್ರ ಉಳಿಸಲು ಹೋಗಬೇಡಿ, ಅದರಲ್ಲಿ ಸೋಲನೈನ್ ಎಂಬ ವಿಷ ಸೇರಿರುತ್ತದೆ.

ಅಂಗಡಿಯಲ್ಲಿ ತೂಕ ಓದಿ

ದೊಡ್ಡಕ್ಷರದ ಬೆಲೆಗಿಂತ ಮೂಲೆಯಲ್ಲಿರುವ ತೂಕ ನಿಜ ಹೇಳುತ್ತದೆ. 500 ಗ್ರಾಂ ಇದ್ದ ಪೊಟ್ಟಣ ಅದೇ ಬೆಲೆಗೆ 450 ಗ್ರಾಂ ಆದರೆ, ಬೆಲೆ ಶೇ 11ರಷ್ಟು ಏರಿದಂತೆಯೇ. ಬೆಲೆಯನ್ನು ಗ್ರಾಂನಿಂದ ಭಾಗಿಸಿ 100ರಿಂದ ಗುಣಿಸಿ. ಎರಡು ಬ್ರಾಂಡ್‌ಗಳಲ್ಲಿ ಯಾವುದು ಅಗ್ಗ ಎಂದು ಫೋನಿನಲ್ಲೇ ತಿಳಿಯುತ್ತದೆ.

ದೊಡ್ಡ ಪೊಟ್ಟಣ ಯಾವಾಗಲೂ ಲಾಭ ಎಂದುಕೊಳ್ಳಬೇಡಿ. ಅಕ್ಕಿ, ಒಣಕಾಳು, ಉಪ್ಪು, ಸಕ್ಕರೆ ಒಟ್ಟಿಗೆ ತರಬಹುದು. ಎಣ್ಣೆ ಬಹಳ ದಿನ ಇಟ್ಟರೆ ಕಮಟುತ್ತದೆ. ತವುಡು ತೆಗೆಯದ ಹಿಟ್ಟು ಬಿಳಿ ಹಿಟ್ಟಿಗಿಂತ ಬೇಗ ಕೆಡುತ್ತದೆ, ಕಾಳಿನೊಳಗಿನ ಎಣ್ಣೆಯಂಶ ಅದರಲ್ಲೇ ಇರುತ್ತದೆ. ತಿಂಗಳೊಳಗೆ ಮುಗಿಯುವಷ್ಟು ತಂದರೆ ಸಾಕು.

ಒಂದು ಪಾತ್ರೆ ಕಾಳು, ಮೂರು ದಿನದ ಊಟ

ಒಂದೇ ಒಂದು ಅಭ್ಯಾಸ ಬೆಳೆಸಿಕೊಳ್ಳುತ್ತೀರಾದರೆ ಇದು ಇರಲಿ. ಒಣಕಾಳು ಅಗ್ಗ, ತಿಂಗಳುಗಟ್ಟಲೆ ಕೆಡುವುದಿಲ್ಲ, ಬೆಂದಾಗ ಹಿಗ್ಗುತ್ತದೆ. 2 ಕಪ್ ಒಣಕಾಳು ಬೆಂದ ಮೇಲೆ 5ರಿಂದ 6 ಕಪ್ ಆಗುತ್ತದೆ. ಅಕ್ಕಿ, ಗೋಧಿಯಂಥ ಧಾನ್ಯಗಳಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳಿನಲ್ಲಿ ಚೆನ್ನಾಗಿದೆ. ಎರಡನ್ನೂ ಸೇರಿಸಿ ಉಂಡರೆ ಪ್ರೊಟೀನ್ ವಿಷಯದಲ್ಲಿ ಮೋಸ ಇಲ್ಲ.

ರಾತ್ರಿ ಕಾಳು ತೊಳೆದು, ಮೂರು ಪಟ್ಟು ನೀರು ಹಾಕಿ, ಒಂದು ಚಮಚ ಉಪ್ಪು ಬೆರೆಸಿ ನೆನೆಸಿ. ನೆನೆಸುವಾಗ ಉಪ್ಪು ಹಾಕಿದರೆ ಕಾಳು ಗಟ್ಟಿಯಾಗುತ್ತದೆ ಎಂಬ ಹೆದರಿಕೆ ಬೇಡ, ಉಪ್ಪು ಸಿಪ್ಪೆಯನ್ನು ಮೆತ್ತಗೆ ಮಾಡುತ್ತದೆ. ಗಟ್ಟಿ ಮಾಡುವುದು ಹುಳಿ. ಆದ್ದರಿಂದ ಟೊಮೆಟೊ, ನಿಂಬೆರಸ ಏನಿದ್ದರೂ ಕಾಳು ಬೆಂದ ಮೇಲೆ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ.

ರಾಜ್ಮಾಕ್ಕೆ ವಿಶೇಷ ಎಚ್ಚರಿಕೆ ಬೇಕು. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ವಾಂತಿ, ಭೇದಿ ತರಿಸುತ್ತದೆ. ಅದನ್ನು ಕನಿಷ್ಠ 5 ಗಂಟೆ ನೆನೆಸಿ, ತೆರೆದ ಪಾತ್ರೆಯಲ್ಲಾದರೆ ಅರ್ಧ ಗಂಟೆ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ. ಕುದಿ ಬಾರದೆ ಬರೀ ಬೆಚ್ಚಗೆ ಬೇಯಿಸುವ ನಿಧಾನ ಕುಕ್ಕರಿನಲ್ಲಿ ಹಸಿ ರಾಜ್ಮಾ ಹಾಕಲೇಬೇಡಿ.

ಮೊದಲ ದಿನ ಬೆಂದ ಕಾಳಿನಲ್ಲಿ ಮೂರನೇ ಒಂದು ಭಾಗ ತೆಗೆದುಕೊಳ್ಳಿ. ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು, ಟೊಮೆಟೊ ಹಾಕಿ ಬಾಡಿಸಿ, ಕಾಳು ಸೇರಿಸಿ ಹತ್ತು ನಿಮಿಷ ಕುದಿಸಿ. ಅನ್ನದ ಜೊತೆ ಊಟ. ಇಲ್ಲಿ ಅವಸರ ಮಾಡಬೇಡಿ. ಈರುಳ್ಳಿ ನಿಧಾನವಾಗಿ ಕೆಂಪಾದರೆ ಬರುವ ರುಚಿಯನ್ನು ಯಾವ ದುಬಾರಿ ಮಸಾಲೆ ಪುಡಿಯೂ ಕೊಡುವುದಿಲ್ಲ.

ಎರಡನೇ ದಿನ ಇನ್ನೊಂದು ಭಾಗವನ್ನು ಕಟ್ಟಿನ ಸಮೇತ ಅರ್ಧಂಬರ್ಧ ಮಸೆಯಿರಿ. ಉಳಿದ ಕ್ಯಾರೆಟ್, ಎಲೆಕೋಸಿನ ತುಂಡು, ಹೂಕೋಸಿನ ದಂಟು ಸಣ್ಣಗೆ ಹೆಚ್ಚಿ ಹಾಕಿ ಬೇಯಿಸಿ. ಕಾಳಿನ ಕಟ್ಟೇ ಸೂಪನ್ನು ಮಂದ ಮಾಡುತ್ತದೆ, ಬೇರೆ ಹಿಟ್ಟು ಬೇಕಿಲ್ಲ. ಕೊನೆಗೆ ನಿಂಬೆ ಹಿಂಡಿದರೆ ನಿನ್ನೆಯ ರುಚಿ ನೆನಪಿಗೂ ಬರುವುದಿಲ್ಲ.

ಮೂರನೇ ದಿನ ಉಳಿದ ಕಾಳನ್ನು ನೀರು ಸೋಸಿ, ಬೇಯಿಸಿದ ಆಲೂಗಡ್ಡೆ ಜೊತೆ ಗಟ್ಟಿಯಾಗಿ ಮಸೆದು, ಚಪ್ಪಟೆ ಬಿಲ್ಲೆ ತಟ್ಟಿ, ಎಣ್ಣೆ ಸವರಿದ ಕಾವಲಿಯಲ್ಲಿ ಎರಡೂ ಕಡೆ ಬೇಯಿಸಿ. ಒಣಗಿದ ಬ್ರೆಡ್ಡಿನ ಪುಡಿ ಇದ್ದರೆ ಇಲ್ಲಿ ಬಳಸಿ. ಮಾಂಸ ತಿನ್ನುವ ಮನೆಯಾದರೆ ಕೊಚ್ಚಿದ ಮಾಂಸದ ಅರ್ಧ ಜಾಗಕ್ಕೆ ಇದೇ ಕಾಳು ಹಾಕಬಹುದು. ಮೂಳೆ ಎಸೆಯದೆ ಕುದಿಸಿ ನೀರು ಇಟ್ಟುಕೊಳ್ಳಿ.

ಉಳಿದದ್ದನ್ನು ಇಡುವಾಗ

ಇಲ್ಲಿ ಜಿಪುಣತನ ಸಲ್ಲದು, ಆಸ್ಪತ್ರೆಯ ಖರ್ಚು ದಿನಸಿಗಿಂತ ದೊಡ್ಡದು. ಬೇಯಿಸಿದ ಯಾವುದನ್ನೂ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅಗಲ ತಟ್ಟೆಗೆ ಹರವಿದರೆ ಬೇಗ ಆರುತ್ತದೆ. ಬೆಂದ ಕಾಳು ಫ್ರಿಜ್‌ನಲ್ಲಿ ಮೂರು ದಿನ ಧಾರಾಳವಾಗಿ ಇರುತ್ತದೆ.

ಅನ್ನದ ವಿಷಯ ಬೇರೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಇದ್ದರೆ ಅದು ಮೊಳೆತು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಇಡಿ, ಮರುದಿನವೇ ಮುಗಿಸಿ, ಹಬೆಯಾಡುವಷ್ಟು ಬಿಸಿ ಮಾಡಿಯೇ ತಿನ್ನಿ. ಫ್ರಿಜ್ ಇಲ್ಲದವರು ಅನ್ನ, ಕಾಳು ಎರಡನ್ನೂ ಆ ಹೊತ್ತಿಗೆ ಬೇಕಾದಷ್ಟೇ ಬೇಯಿಸುವುದು ಒಳ್ಳೆಯದು.

ಒಲೆಯ ಖರ್ಚೂ ದಿನಸಿಯ ಖರ್ಚೇ

ಕುದಿ ಬಂದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ತೆರೆದ ಪಾತ್ರೆಯ ನೀರು 100 ಡಿಗ್ರಿ ದಾಟುವುದಿಲ್ಲ. ಜಾಸ್ತಿ ಉರಿ ನೀರನ್ನು ಆವಿ ಮಾಡುತ್ತದೆ ಅಷ್ಟೇ. ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ. ಪ್ರೆಶರ್ ಕುಕ್ಕರಿನೊಳಗೆ ಸುಮಾರು 120 ಡಿಗ್ರಿಯವರೆಗೆ ಏರುವುದರಿಂದ ಕಾಳಿಗೆ ಅದೇ ಸರಿ.

ಇವುಗಳಲ್ಲಿ ಕೈ ಬಿಗಿ ಮಾಡಬೇಡಿ

ಮಕ್ಕಳ ಹಾಲು, ಮೊಟ್ಟೆ, ಹಣ್ಣು ಕೊನೆಯವರೆಗೂ ಪಟ್ಟಿಯಲ್ಲಿ ಇರಲಿ. ಬಸುರಿ, ಬಾಣಂತಿಯರ ಊಟವೂ ಹಾಗೆಯೇ. ಎಷ್ಟೋ ಮನೆಗಳಲ್ಲಿ ಬೆಲೆ ಏರಿದಾಗ ಮೊದಲು ಕಡಿಮೆಯಾಗುವುದು ಅಡುಗೆ ಮಾಡುವವರ ತಟ್ಟೆ. ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಎಲ್ಲರೂ ಒಟ್ಟಿಗೆ ಕೂತು ಬಡಿಸಿಕೊಂಡರೆ ಯಾರ ತಟ್ಟೆಯಲ್ಲಿ ಏನಿದೆ ಎಂದು ಎಲ್ಲರಿಗೂ ಕಾಣುತ್ತದೆ. ಕಡಿತ ಮಾಡಲೇಬೇಕಾದರೆ ತಂಪು ಪಾನೀಯ, ಪೊಟ್ಟಣದ ಕುರುಕಲು ತಿಂಡಿಯಿಂದ ಶುರು ಮಾಡಿ.

ವಾರಕ್ಕೊಂದು ಖಾಲಿ ಮಾಡುವ ದಿನ

ಅಂಗಡಿಗೆ ಹೋಗುವ ಹಿಂದಿನ ಸಂಜೆ ಹೊಸದೇನೂ ತರಬೇಡಿ. ಫ್ರಿಜ್‌ನಲ್ಲಿರುವುದನ್ನೆಲ್ಲ ಮೇಜಿನ ಮೇಲಿಡಿ. ಕೆಟ್ಟದ್ದನ್ನು ತೆಗೆದು, ಉಳಿದ ತರಕಾರಿಯನ್ನೆಲ್ಲ ಹೆಚ್ಚಿ ಒಂದೇ ಪಾತ್ರೆಗೆ ಹಾಕಿ. ಒಂದು ಹಿಡಿ ಅಕ್ಕಿಯೋ ಕಾಳೋ ಜೊತೆಗಿರಲಿ. ಊಟ ಮುಗಿದ ಮೇಲೆ, ಫ್ರಿಜ್‌ನ ಖಾಲಿ ಅರೆಗಳನ್ನು ಒರೆಸಿ, ಅದರ ಮುಂದೆ ನಿಂತೇ ನಾಳಿನ ಪಟ್ಟಿ ಬರೆಯಿರಿ. ಪಕ್ಕದಲ್ಲಿ ಹೋದ ವಾರದ ಕಸದ ಬುಟ್ಟಿಯ ಚೀಟಿ ಇಟ್ಟುಕೊಳ್ಳಿ.