ತಕ್ಕೋಲದ ಯುದ್ಧವನ್ನು ನಾನು ಪಾಠ ಮಾಡಿದ ಬಗೆ

ಪಠ್ಯಪುಸ್ತಕದಲ್ಲಿ ತಕ್ಕೋಲದ ಯುದ್ಧಕ್ಕೆ ಸಿಗುವುದು ಹೆಚ್ಚೆಂದರೆ ಒಂದೂವರೆ ಸಾಲು. 949ರಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರನ್ನು ಸೋಲಿಸಿದ, ಚೋಳ ರಾಜಕುಮಾರ ರಾಜಾದಿತ್ಯ ಸತ್ತ, ಅಲ್ಲಿಗೆ ಮುಗಿಯಿತು. ನಾನು ಮಂಡ್ಯ ಕಡೆಯ ಡಿಗ್ರಿ ಕಾಲೇಜಿನಲ್ಲಿ ಹಳಗನ್ನಡ ಹೇಳಿಕೊಡುವವನು. ರನ್ನನ ಪದ್ಯ ತೆಗೆದರೆ ಮಕ್ಕಳ ಕಣ್ಣು ಕಿಟಕಿಯಾಚೆ ಹೋಗುತ್ತಿತ್ತು. ‘ಈ ಕವಿಗಳಿಗೆ ಕತ್ತಿ, ಗದೆ, ನೆತ್ತರು ಬಿಟ್ಟರೆ ಬೇರೇನೂ ಇರ್ಲಿಲ್ವಾ ಸಾರ್?’ ಎಂದು ಒಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಉತ್ತರ ಪದ್ಯದೊಳಗೆ ಇಲ್ಲ, ಆ ಪದ್ಯ ಹುಟ್ಟಿದ ಕಾಲದಲ್ಲಿದೆ. ಹಾಗಾಗಿ ಕವಿಗಳನ್ನು ಪಕ್ಕಕ್ಕಿಟ್ಟು ಕಲ್ಲಿನಿಂದ ಶುರುಮಾಡಿದೆ. ಕಲ್ಲು ನಮ್ಮ ಜಿಲ್ಲೆಯದೇ: ಮದ್ದೂರು ತಾಲ್ಲೂಕಿನ ಆತಕೂರಿನದು.

ಆತಕೂರು ಶಾಸನ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದ ಮೊದಲ ದಾಖಲೆ ಇದು ಎಂದು ಹೇಳಿ ಕರೆದುಕೊಂಡು ಹೋದರೆ ಮಕ್ಕಳು ಆನೆ, ಕುದುರೆ, ಬಿಲ್ಲಾಳುಗಳನ್ನು ಹುಡುಕುತ್ತಾರೆ. ಇರುವುದು ಒಂದು ನಾಯಿ, ಒಂದು ಹಂದಿ! ಎರಡೂ ಮೈಮೇಲೆ ಬಿದ್ದು ಕಾದಾಡುತ್ತಿವೆ. ಕಥೆ ಇಷ್ಟು: ರಾಷ್ಟ್ರಕೂಟರ ಸಾಮಂತನಾಗಿದ್ದ ಗಂಗರ ದೊರೆ ಬೂತುಗನ ಕೈಕೆಳಗೆ ಮಣಲೆರ ಎಂಬ ವೀರ ಚೆನ್ನಾಗಿ ಹೋರಾಡಿದ. ಮೆಚ್ಚಿದ ಒಡೆಯ ಬೇಕಾದ್ದನ್ನು ಕೇಳಿಕೋ ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಬೆಳತೂರಿನ ಬಳಿಯ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಎರಗಿತು, ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿದ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟ. ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಸುತ್ತಿಕೊಳ್ಳುತ್ತದೆ ಎಂಬ ಎಚ್ಚರಿಕೆಯನ್ನೂ ಬರೆಸಿದ.

ಅದೇ ಕಲ್ಲಿನಲ್ಲಿ, ನಾಯಿಯ ಕಥೆಯ ಜೊತೆಗೇ, ದಕ್ಷಿಣ ಭಾರತದ ದೊಡ್ಡ ಸುದ್ದಿಯೂ ಇದೆ. ಬೂತುಗ ರಾಜಾದಿತ್ಯನ ಆನೆಯ ಅಂಬಾರಿಯನ್ನೇ ರಣಾಂಗಣ ಮಾಡಿಕೊಂಡು ಅವನನ್ನು ಇರಿದು ಕೊಂದ, ಕೃಷ್ಣ ಮೆಚ್ಚಿ ಬನವಾಸಿ 12000 ಮೊದಲಾದ ನಾಡುಗಳನ್ನು ಕೊಟ್ಟ. ಬೂತುಗ ತನ್ನ ಆಳು ಮಣಲೆರನಿಗೆ ಹನ್ನೆರಡು ಹಳ್ಳಿಗಳ ಆತಕೂರು 12ನ್ನೂ ಬೆಳ್ವೊಲ ನಾಡಿನ ಒಂದು ಊರನ್ನೂ ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದ ಉಂಬಳಿಯಾಗಿ ಕೊಟ್ಟ. ಇಲ್ಲಿ ನಾನು ಬೋರ್ಡಿನ ಮೇಲೆ ಮೇಲಿಂದ ಕೆಳಗೆ ಬರೆಯುತ್ತೇನೆ: ಚಕ್ರವರ್ತಿಯಿಂದ ಸಾಮಂತನಿಗೆ ಸಾವಿರಗಳ ನಾಡು, ಸಾಮಂತನಿಂದ ಆಳಿಗೆ ಹನ್ನೆರಡು ಹಳ್ಳಿ, ಆಳಿನಿಂದ ನಾಯಿಯ ಕಲ್ಲಿಗೆ ಎರಡು ಖಂಡುಗ. ಅರಕ್ಕೋಣಂ ಹತ್ತಿರದ ಬಯಲಿನಲ್ಲಿ ನಡೆದ ಕಾಳಗ ಆತಕೂರಿನ ಕೆರೆಯ ಕೆಳಗಣ ಗದ್ದೆಯವರೆಗೆ ಇಳಿದು ಬಂದ ದಾರಿ ಇದು. ರಾಜ್ಯ ಕಟ್ಟುವುದು ಎಂದರೆ ಏನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪಾಠ ನನಗಂತೂ ಸಿಕ್ಕಿಲ್ಲ.

ಇಷ್ಟಾದ ಮೇಲೆ ಎದುರು ಪಕ್ಷದ ಮಾತು ಕೇಳಬೇಕಲ್ಲ. ತಮಿಳು ಬಲ್ಲ ಸಹೋದ್ಯೋಗಿಯೊಬ್ಬರನ್ನು ತರಗತಿಗೆ ಕರೆದೆ. ಚೋಳ ಶಾಸನಗಳಲ್ಲಿ ರಾಜಾದಿತ್ಯ ‘ಆನೆಯ ಮೇಲೆ ಮಡಿದ ದೊರೆ’. ಚೋಳರದೇ ಆದ ಲೈಡನ್ ತಾಮ್ರಪಟದ ಪ್ರಕಾರ ಅವನು ಕೃಷ್ಣರಾಜನ ಸೇನೆಯನ್ನೇ ನಡುಗಿಸಿ, ಆನೆಯ ಮೇಲಿರುವಾಗಲೇ ಎದೆಗೆ ಕೃಷ್ಣನ ಬಾಣ ನೆಟ್ಟು ಸ್ವರ್ಗಕ್ಕೆ ಹೋದ. ಬೂತುಗನ ಹೆಸರೇ ಇಲ್ಲ. ಆನೆಯ ಮೇಲೆ ಸತ್ತ ಎಂಬಲ್ಲಿ ಇಬ್ಬರದೂ ಒಪ್ಪಿಗೆ. ಕೊಂದವನು ಯಾರು ಎಂಬಲ್ಲಿ ಜಗಳ. ನನ್ನ ಅಭಿಪ್ರಾಯ ಕೇಳಿದರೆ, ತಮ್ಮ ರಾಜಕುಮಾರ ಒಬ್ಬ ಸಾಮಂತನ ಕೈಯಲ್ಲಿ ಸತ್ತ ಎನ್ನುವುದಕ್ಕಿಂತ ಚಕ್ರವರ್ತಿಯ ಬಾಣಕ್ಕೆ ಸತ್ತ ಎನ್ನುವುದು ಚೋಳರ ಮನೆತನಕ್ಕೆ ಮರ್ಯಾದೆ. ಬೂತುಗನಿಗಾದರೋ ಈ ಕೊಲೆಯೇ ಬಂಡವಾಳ. ಅಣ್ಣ ರಾಚಮಲ್ಲನನ್ನು ಕೊಂದು, ರಾಷ್ಟ್ರಕೂಟರ ಬಲದಿಂದ ಗದ್ದುಗೆ ಏರಿದವನು ಅವನು. ಕೃಷ್ಣನ ಅಕ್ಕ ರೇವಕನಿಮ್ಮಡಿಯ ಗಂಡ ಬೇರೆ. ಭಾವ ಎಂಬ ಸಲುಗೆ ಎಷ್ಟೇ ಇದ್ದರೂ ಯುದ್ಧದಲ್ಲಿ ಕೈ ತೋರಿಸದೆ ಬನವಾಸಿಯಂಥ ನಾಡು ಬರುತ್ತಿರಲಿಲ್ಲ.

ಊರೂರಿನ ವೀರಗಲ್ಲುಗಳನ್ನು ಹುಡುಕಿಸಲು ಶುರುಮಾಡಿದ್ದು ಆಮೇಲೆ. ಪ್ರತಿಯೊಬ್ಬ ವಿದ್ಯಾರ್ಥಿ ತನ್ನ ಊರಿನ ಅಥವಾ ಅಜ್ಜಿ ಊರಿನ ಒಂದು ಕಲ್ಲಿನ ವಿವರ ತರಬೇಕು. ಓದುವುದು ಕೆಳಗಿನಿಂದ ಮೇಲಕ್ಕೆ: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಅಥವಾ ಜಿನನ ಮುಂದೆ ಅವನು ಕೂತಿರುವುದು. ಕೆಳಪಟ್ಟಿಯಲ್ಲಿ ದನ ಇದ್ದರೆ ತುರುಗೋಳು, ಅಂದರೆ ದನ ಹಿಡಿದೊಯ್ಯುವಾಗ ನಡೆದ ಕಾಳಗ. ಅಕ್ಷರ ಸವೆದಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲಿ ಏನೂ ಕಾಣದು. ಸಂಜೆ ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒರಗಿಸಿ ಹಿಡಿದರೆ ಗೆರೆಗಳು ನೆರಳು ಕಟ್ಟಿ ಎದ್ದು ಬರುತ್ತವೆ. ಸೀಮೆಸುಣ್ಣ, ಮೈದಾಹಿಟ್ಟು ತಿಕ್ಕುವುದು ಬೇಡ. ತಂತಿ ಬ್ರಷ್ ಅಂತೂ ಮುಟ್ಟಲೇ ಬಾರದು, ನೀರು ಮತ್ತು ತೆಂಗಿನ ನಾರು ಸಾಕು. ಪಡಿಯಚ್ಚು, ಅಂದರೆ ಕಲ್ಲಿನ ಮೇಲೆ ಕಾಗದ ಒತ್ತಿ ಅಕ್ಷರದ ಅಚ್ಚು ತೆಗೆಯುವುದು ಪಳಗಿದವರ ಕೆಲಸ, ನಾವು ಅದಕ್ಕೆ ಕೈಹಾಕುವುದಿಲ್ಲ. ಫೋಟೋ ತೆಗೆದು ಬಿ. ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ಆ ಊರಿನ ಹೆಸರು ಹುಡುಕುತ್ತೇವೆ.

ಇದಕ್ಕಿಂತ ಕಷ್ಟ ಮನುಷ್ಯರದು. ಒಂದು ಊರಿನಲ್ಲಿ ಬೇಲಿಯ ಪಕ್ಕದ ಕಲ್ಲಿಗೆ ಎಣ್ಣೆ ಕಟ್ಟಿ ಕಟ್ಟಿ ಅಕ್ಷರವೆಲ್ಲ ಮುಚ್ಚಿಹೋಗಿತ್ತು. ‘ವೀರಗಲ್ಲು ನೋಡಬೇಕಿತ್ತು ಅಜ್ಜ’ ಎಂದೆ. ‘ಗಲ್ಲೂ ಇಲ್ಲ ಗಿಲ್ಲೂ ಇಲ್ಲ ಮೇಷ್ಟ್ರೆ, ಅದು ನಮ್ಮ ಈರಪ್ಪ. ಚಪ್ಲಿ ಬುಟ್ಟು ಬನ್ನಿ’ ಅಂದರು. ಬಿಟ್ಟು ಹೋದೆವು. ಎಣ್ಣೆ ತೊಳೆಯುತ್ತೇವೆ ಎನ್ನಲು ಬಾಯಿ ಬರಲಿಲ್ಲ. ಇನ್ನೂ ಪೂಜೆ ಪಡೆಯುತ್ತಿರುವ ವೀರನ ಹೆಸರು ಓದಲಾಗದಿದ್ದರೆ ಹೋಗಲಿ ಬಿಡಿ. ಚರಂಡಿಗೆ ಚಪ್ಪಡಿಯಾಗಿ ಬಿದ್ದಿರುವ ಕಲ್ಲುಗಳಿಗಿಂತ ಅವನ ಪಾಡು ವಾಸಿ.

ಕಲ್ಲು ನೋಡಿ ಬಂದ ಮಕ್ಕಳ ಮುಂದೆ ಕವಿಗಳನ್ನು ಇಟ್ಟಾಗ ಪಾಠದ ನಡೆಯೇ ಬೇರೆಯಾಯಿತು. ತಕ್ಕೋಲ ಗೆದ್ದ ಅದೇ ಕೃಷ್ಣ ಪೊನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟವನು. ಬಿರುದು ಕೊಟ್ಟವನ ರಾಜ್ಯ ಮಾತ್ರ ಬಾಳಲಿಲ್ಲ. 972ರ ಹೊತ್ತಿಗೆ ಪರಮಾರ ದೊರೆ ಸೀಯಕ ರಾಜಧಾನಿ ಮಾನ್ಯಖೇಟವನ್ನು ಕೊಳ್ಳೆ ಹೊಡೆದ, ಮರುವರ್ಷವೇ ರಾಷ್ಟ್ರಕೂಟರ ಸಾಮಂತನಾಗಿದ್ದ ತೈಲಪ ಗದ್ದುಗೆ ಹಿಡಿದು ಕಲ್ಯಾಣ ಚಾಲುಕ್ಯರ ಆಳ್ವಿಕೆ ಶುರುಮಾಡಿದ. ಸಾಮಂತರಿಗೆ ನಾಡಿಗೆ ನಾಡನ್ನೇ ಹಂಚಿ ಗೆದ್ದ ಯುದ್ಧಗಳ ಬಡ್ಡಿ ಇದು ಎಂದು ನಾನು ಹೇಳುತ್ತೇನೆ. ಒಪ್ಪದ ಇತಿಹಾಸದ ಮೇಷ್ಟ್ರುಗಳು ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರೆ. ಪೊನ್ನನ ‘ಶಾಂತಿಪುರಾಣ’ವನ್ನು ಉಳಿಸಲು ನಿಂತವಳು ಅತ್ತಿಮಬ್ಬೆ, ಚಾಲುಕ್ಯರ ಸೇನಾನಿ ನಾಗದೇವನ ವಿಧವೆ. ಅದರ ಸಾವಿರ ಪ್ರತಿ ಬರೆಸಿ ಹಂಚಿದಳು. ರನ್ನನಿಂದ ‘ಅಜಿತಪುರಾಣ’ ಬರೆಸಿದವಳೂ ಅವಳೇ. ಸಾವಿರ ಪ್ರತಿ ಎಂದರೆ ತಾಳೆಗರಿಯಲ್ಲಿ, ಕಂಠ ಎಂಬ ಕಬ್ಬಿಣದ ಲೇಖನಿಯಿಂದ ಒಂದೊಂದೇ ಅಕ್ಷರ ಕೊರೆದು. ಈ ಮಾತು ಹೇಳಿದಾಗ ತರಗತಿಯಲ್ಲಿ ಸದ್ದಿರುವುದಿಲ್ಲ.

ಗಂಗರ ಚಾವುಂಡರಾಯನ ವಿಷಯ ಇನ್ನೂ ಸ್ವಾರಸ್ಯದ್ದು. ಸ್ವತಃ ದಂಡನಾಯಕ, ಸ್ವತಃ ಲೇಖಕ. ಗೋನೂರ ಬಯಲಿನಲ್ಲಿ ನೊಳಂಬರನ್ನು ಗೆದ್ದು ವೀರಮಾರ್ತಾಂಡ, ಉಚ್ಚಂಗಿ ಕೋಟೆಯಲ್ಲಿ ಕಾದಿ ರಣರಂಗಸಿಂಗ. ಒಂದೊಂದು ಬಿರುದಿನ ಹಿಂದೆ ಒಂದೊಂದು ಕಾಳಗ. ಅಂಥವನೇ 978ರಲ್ಲಿ ತೀರ್ಥಂಕರರ ಕಥೆಯನ್ನು ಗದ್ಯದಲ್ಲಿ ಬರೆದ, ಶ್ರವಣಬೆಳಗೊಳದಲ್ಲಿ ಎಲ್ಲವನ್ನೂ ಬಿಟ್ಟು ನಿಂತ ಗೊಮ್ಮಟನನ್ನು ಕಡೆಸಿದ. ಇದನ್ನು ಪಶ್ಚಾತ್ತಾಪ ಎಂದು ಬಣ್ಣಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪಶ್ಚಾತ್ತಾಪ ಪಟ್ಟವನು ಬಿರುದುಗಳನ್ನು ಅಷ್ಟು ಜೋಪಾನವಾಗಿ ಪಟ್ಟಿ ಮಾಡುತ್ತಿರಲಿಲ್ಲ.

ಕೊನೆಗೆ ‘ಗದಾಯುದ್ಧ’. ರನ್ನ ತನ್ನ ಒಡೆಯ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಬರೆದ ಕಾವ್ಯ. ನಾನು ಪಾಠಕ್ಕೆ ಆರಿಸುವುದು ಭೀಮನ ಗರ್ಜನೆಯನ್ನಲ್ಲ, ದುರ್ಯೋಧನ ಹೆಣಗಳ ನಡುವೆ ನಡೆದುಹೋಗುವ ಭಾಗವನ್ನು. ದ್ರೋಣ, ಅಭಿಮನ್ಯು, ಮಗ ಲಕ್ಷಣ, ತಮ್ಮ ದುಶ್ಶಾಸನ, ಕರ್ಣ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಪರಾಕ್ರಮಕ್ಕೆ ಕೈಮುಗಿಯುತ್ತಾನೆ. ಗೆದ್ದ ಒಡೆಯನ ಅನ್ನ ಉಣ್ಣುವ ಕವಿ ಸೋಲುವವನಿಗೆ ಇಷ್ಟು ಜಾಗ ಕೊಟ್ಟನಲ್ಲ! ಕಿಟಕಿ ನೋಡುತ್ತಿದ್ದವರು ಈ ಭಾಗಕ್ಕೆ ತಾವಾಗಿಯೇ ಪುಸ್ತಕ ತೆಗೆಯುತ್ತಾರೆ.

ಇದೇ ಸತ್ಯಾಶ್ರಯನ ಮೇಲೆ ಚೋಳರು ಮತ್ತೆ ಏರಿ ಬಂದರು. ಈಗಿನ ಹಾವೇರಿ ಜಿಲ್ಲೆಯ ಹೊಟ್ಟೂರಿನ 1007ರ ಶಾಸನ, ಒಂಬತ್ತು ಲಕ್ಷ ದಂಡು ಬಂದು ಹೆಂಗಸರು ಮಕ್ಕಳೆನ್ನದೆ ಕೊಂದಿತು, ಸತ್ಯಾಶ್ರಯ ಅವರನ್ನು ಬೆನ್ನಟ್ಟಿದ ಎನ್ನುತ್ತದೆ. ತಂಜಾವೂರಿನ ದೊಡ್ಡ ಗುಡಿಯ ಗೋಡೆ, ರಾಜರಾಜ ಸತ್ಯಾಶ್ರಯನನ್ನು ಗೆದ್ದು ಬಂದು ದೇವರ ಪಾದಕ್ಕೆ ಹೊನ್ನಿನ ಹೂ ಸುರಿದ ಎನ್ನುತ್ತದೆ. ಒಂಬತ್ತು ಲಕ್ಷವನ್ನು ಯಾರೂ ಎಣಿಸಿದ್ದಲ್ಲ, ಅದು ಹೆದರಿಕೆಯ ಲೆಕ್ಕ. ಈ ಎರಡು ಶಾಸನಗಳನ್ನು ಎದುರುಬದುರು ಇಟ್ಟು ವರದಿ ಬರೆಯಲು ಈ ಸಲದ ತರಗತಿಗೆ ಕೊಟ್ಟಿದ್ದೇನೆ. ಅರ್ಧ ತರಗತಿ ಹೊಟ್ಟೂರಿನ ಪರ, ಅರ್ಧ ತಂಜಾವೂರಿನ ಪರ. ತಂಜಾವೂರಿನ ಗುಂಪಿಗೆ ಸೇರಲು ಮೊದಲು ಯಾರೂ ಮುಂದೆ ಬರಲಿಲ್ಲ, ಚೀಟಿ ಎತ್ತಿಸಬೇಕಾಯಿತು.