ಸೊಟ್ಟ ಹೊಲದ ಗುಂಟೆ ಲೆಕ್ಕ: ನಾನು ಅಳೆಯುವ ಕ್ರಮ

ಹೊಲ ಆಯತವಾಗಿದ್ದರೆ ಉದ್ದ, ಅಗಲ ಗುಣಿಸಿ 1,089ರಿಂದ ಭಾಗಿಸಿದರೆ ಗುಂಟೆ ಬಂತು. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಒಂದು ಗುಂಟೆ. ಆದರೆ ಕಣ್ಣಳತೆಯಲ್ಲಿ ಆಯತ ಎಂದು ಒಪ್ಪಬೇಡಿ. ಎದುರುಬದುರು ಬದುಗಳು ಸಮ ಇದ್ದರೂ ಹೊಲ ಒಂದು ಕಡೆಗೆ ವಾಲಿರಬಹುದು. ಎರಡು ಕರ್ಣಗಳೂ ಸಮ ಬಂದ ಮೇಲೆಯೇ ನಾನು ಆಯತ ಎಂದು ಬರೆದುಕೊಳ್ಳುವುದು.

ಸೊಟ್ಟ ಹೊಲಕ್ಕೆ ಎಷ್ಟೋ ಜನ ಎದುರುಬದುರು ಬದುಗಳ ಸರಾಸರಿ ತೆಗೆದು ಗುಣಿಸುತ್ತಾರೆ. ಆಯತ ಬಿಟ್ಟು ಬೇರೆ ಯಾವ ಆಕಾರಕ್ಕೂ ಈ ಲೆಕ್ಕ ಹೆಚ್ಚೇ ತೋರಿಸುತ್ತದೆ. ನಾಲ್ಕು ಬದಿಯ ಅಳತೆ ಹಾಗೇ ಇದ್ದು ಆಕಾರ ಬದಲಾಗಬಹುದು, ಆಗ ವಿಸ್ತೀರ್ಣವೂ ಬದಲಾಗುತ್ತದೆ. ಕರ್ಣವನ್ನೋ ಲಂಬವನ್ನೋ ಹೇಳದೆ ಚತುರ್ಭುಜದ ಕ್ಷೇತ್ರಫಲ ಕೇಳುವವನನ್ನು ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ ಪಿಶಾಚಿ ಎಂದೇ ಕರೆದಿದ್ದಾರೆ.

ಹಾಗಾಗಿ ಐದನೇ ಅಳತೆ ಬೇಕು. ಮೂಲೆಗಳಿಗೆ ಅ, ಆ, ಇ, ಈ ಎಂದು ಗೂಟ ಹೊಡೆಯಿರಿ. ಅಆ 130 ಅಡಿ, ಆಇ 200, ಇಈ 170, ಈಅ 100, ಕರ್ಣ ಅಇ 210 ಎಂದುಕೊಳ್ಳಿ. ಕರ್ಣದಿಂದ ಎರಡು ತ್ರಿಕೋನಗಳಾದವು. ಬೆಳೆ ನಿಂತ ಹೊಲದಲ್ಲಿ ಲಂಬ ಹಿಡಿಯುವುದು ಕಷ್ಟ, ಆದ್ದರಿಂದ ಮೂರು ಬದಿಗಳಿಂದಲೇ ತ್ರಿಕೋನದ ವಿಸ್ತೀರ್ಣ ಕೊಡುವ ಹೆರಾನ್ ಸೂತ್ರಕ್ಕೇ ನಾನು ಹೋಗುತ್ತೇನೆ. ಮೊದಲ ತ್ರಿಕೋನದ ಮೂರು ಬದಿ ಕೂಡಿಸಿದರೆ 540, ಅರ್ಧ 270. ಇದರಲ್ಲಿ ಒಂದೊಂದೇ ಬದಿ ಕಳೆದರೆ 140, 70, 60. 270 × 140 × 70 × 60ರ ವರ್ಗಮೂಲ 12,600 ಚದರಡಿ. ಎರಡನೆಯದು 240 × 140 × 70 × 30ರ ವರ್ಗಮೂಲ, 8,400. ಒಟ್ಟು 21,000 ಚದರಡಿ, ಅಂದರೆ 19 ಗುಂಟೆ ನಾಲ್ಕೂವರೆ ಆಣೆ (ಗುಂಟೆಗೆ 16 ಆಣೆ). ಸರಾಸರಿ ಲೆಕ್ಕದಲ್ಲಿ 150 × 150, ಅಂದರೆ 22,500! ಇಲ್ಲದ ನೆಲ ಒಂದೂಕಾಲು ಗುಂಟೆಗೂ ಹೆಚ್ಚು ಸೇರಿಕೊಂಡಿತು.

ಅಳತೆ ಸರಿಯಿದೆಯೇ ಎಂದು ನೋಡಲು ಇನ್ನೊಂದು ಕರ್ಣ ಆಈ ಕೂಡ ಅಳೆಯಿರಿ. ಹತ್ತು ಅಡಿಗೆ ಒಂದು ಸೆಂಟಿಮೀಟರಿನಂತೆ ಮೊದಲಿನ ಐದು ಅಳತೆಗಳಿಂದ ಕೈವಾರದಲ್ಲಿ ನಕ್ಷೆ ಬರೆದರೆ ಆಈ ಸುಮಾರು 20 ಸೆಂಟಿಮೀಟರ್ ಬರುತ್ತದೆ. ಹೊಲದಲ್ಲಿ 200 ಅಡಿ 3 ಇಂಚು ಸಿಗಬೇಕು. ನಾಲ್ಕೈದು ಅಡಿ ವ್ಯತ್ಯಾಸ ಬಂದರೆ ಎಲ್ಲೋ ಟೇಪು ತಪ್ಪಾಗಿ ಓದಿದ್ದೀರಿ. ಈ ಆರನೇ ಅಳತೆಯನ್ನು ನಾನು ಎಂದೂ ಬಿಡುವುದಿಲ್ಲ.

ತಪ್ಪು ಹೆಚ್ಚಾಗಿ ನುಸುಳುವುದು ಇಂಚಿನಲ್ಲಿ. 130 ಅಡಿ 6 ಇಂಚನ್ನು ಕ್ಯಾಲ್ಕುಲೇಟರಿಗೆ 130.6 ಎಂದು ಒತ್ತುತ್ತಾರೆ, ಅದು 130.5. ಇಳಿಜಾರಿನಲ್ಲಿ ಟೇಪನ್ನು ನೆಲದ ಮೇಲೆ ಹಾಸಬಾರದು. ಮಟ್ಟವಾಗಿ ಎಳೆದು, ತೂಗುಗುಂಡು ಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ತೀರ ಚಪ್ಪಟೆಯಾದ ತ್ರಿಕೋನಕ್ಕೆ ಹೆರಾನ್ ಸೂತ್ರ ನಂಬಬೇಡಿ: 100, 110, 208 ಅಡಿಗೆ 1,502 ಚದರಡಿ, 208 ಬದಲು 207.5 ಎಂದು ಓದಿದರೆ 1,674 ಆಗಿಬಿಡುತ್ತದೆ. ಅಂಥ ಕಡೆ ಉದ್ದದ ಬದಿಯನ್ನೇ ಪಾದ ಮಾಡಿ. ಎದುರು ಮೂಲೆಯ ಗೂಟಕ್ಕೆ ಟೇಪಿನ ತುದಿ ಕಟ್ಟಿ ಪಾದದ ಹಗ್ಗದ ಮೇಲೆ ಸರಿಸುತ್ತ ಹೋಗಿ, ಎಲ್ಲಕ್ಕಿಂತ ಕಡಿಮೆ ಬರುವ ಅಳತೆಯೇ ಲಂಬ. ಪಾದ, ಲಂಬ ಗುಣಿಸಿ ಅರ್ಧ ಮಾಡಿ.

ಬಂದ ಗುಂಟೆಯನ್ನು ಪಹಣಿಗೆ ಹೋಲಿಸುವಾಗ ಒಟ್ಟು ವಿಸ್ತೀರ್ಣವನ್ನಷ್ಟೇ ನೋಡಬೇಡಿ. ಸಾಗುವಳಿ ನೆಲವನ್ನಷ್ಟೇ ಅಳೆದಿದ್ದರೆ ಖರಾಬು (ಸಾಗುವಳಿಗೆ ಬಾರದ ನೆಲ) ಕಳೆದು ಉಳಿದದ್ದಕ್ಕೆ ತಾಳೆ ಹಾಕಬೇಕು.